ಡ್ರೊಸೊಫಿಲಾ ಅನನಾಸ್ಸೆ: ಒಂದು ಪುಟ್ಟ ನೊಣವನ್ನು ಗುರುತಿಸಿ ಬರೆಯುವುದು

ಪಚ್ಚಬಾಳೆ ಎರಡು ದಿನ ಜಾಸ್ತಿ ಇಟ್ಟರೆ ಸಾಕು, ಎಲ್ಲಿಂದಲೋ ಪುಟ್ಟ ನೊಣಗಳು ಬಂದು ಮುತ್ತಿಕೊಳ್ಳುತ್ತವೆ. ನಾವು ಅವನ್ನೆಲ್ಲ ಒಟ್ಟಿಗೆ ‘ಹಣ್ಣಿನ ನೊಣ’ ಅಂದು ಕೈಬೀಸಿ ಓಡಿಸುತ್ತೇವೆ. ಆದರೆ ಅದೇ ಹಣ್ಣನ್ನು ಬಾಟಲಿಯೊಳಗೆ ಹಾಕಿ ತೋಟದಲ್ಲಿ ಕಟ್ಟಿಬಿಟ್ಟು, ಮರುದಿನ ಬೆಳಗ್ಗೆ ಬಾಯಿಗೆ ಹತ್ತಿ ತುರುಕಿ ತಂದರೆ ಒಳಗೆ ಮೂರ್ನಾಲ್ಕು ಜಾತಿಗಳಾದರೂ ಸಿಗಬಹುದು. ಈ ಟಿಪ್ಪಣಿ ಅವುಗಳಲ್ಲಿ ಒಂದರ ಬಗ್ಗೆ. ಹೆಸರು ಡ್ರೊಸೊಫಿಲಾ ಅನನಾಸ್ಸೆ. ಉಷ್ಣವಲಯದ ದೇಶಗಳಲ್ಲಿ ಮನುಷ್ಯರ ಹಿಂದೆಯೇ ಸುತ್ತುವ ನೊಣ ಇದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಾವು, ಸೀಬೆಗೆ ಮುಳ್ಳು ಚುಚ್ಚಿ ಮೊಟ್ಟೆ ಇಟ್ಟು ರೈತರಿಗೆ ನಷ್ಟ ಮಾಡುವ ಹಣ್ಣು ನೊಣ ಬೇರೆ. ಅದು ಬ್ಯಾಕ್ಟ್ರೊಸೆರಾ, ಅದರ ಕುಟುಂಬವೇ ಬೇರೆ. ಬಚ್ಚಲ ತೂಬಿನ ಬಳಿ ಪತಂಗದ ಹಾಗೆ ಕೂರುವ ಕೂದಲು ಕೂದಲಿನ ನೊಣವೂ ಬೇರೆ. ನಮ್ಮದು ಡ್ರೊಸೊಫಿಲಿಡೆ ಕುಟುಂಬ. ಕಣ್ಣು ಸಾಮಾನ್ಯವಾಗಿ ಕೆಂಪು. ಕುಡಿಮೀಸೆಯ ಮೇಲೆ ಗರಿಯಂತೆ ಕವಲೊಡೆದ ಒಂದು ಕೂದಲಿರುತ್ತದೆ, ಅದನ್ನು ಅರಿಸ್ಟಾ ಅನ್ನುತ್ತಾರೆ. ರೆಕ್ಕೆಯ ಮುಂದಿನ ಅಂಚಿನ ನರ ಎರಡು ಕಡೆ ತುಂಡಾದಂತೆ ಕಾಣುತ್ತದೆ. ಇವು ಮೂರೂ ಇದ್ದರೆ ಮುಂದಕ್ಕೆ ಹೋಗಬಹುದು.

ಈಗ ಈಥರ್ ಕೊಟ್ಟು ಮಲಗಿಸಿದ ನೊಣಗಳನ್ನು ಬಿಳಿ ಟೈಲ್ಸ್ ತುಂಡಿನ ಮೇಲೆ ಸುರಿದುಕೊಳ್ಳಿ. ಮೆತ್ತನೆ ಬ್ರಷ್ಷಿನಿಂದ ಸರಿಸಿ. ರೆಕ್ಕೆ ಮೇಲಕ್ಕೆ ಸೆಟೆದು ನಿಂತಿದ್ದರೆ ಈಥರ್ ಜಾಸ್ತಿಯಾಗಿ ನೊಣ ಸತ್ತಿದೆ ಎಂದರ್ಥ.

ಎದೆಯ ಮೇಲೆ ಕಪ್ಪಂಚಿನ ಬಿಳಿ ಪಟ್ಟೆಗಳಿದ್ದರೆ ಅದು ಝಾಪ್ರಿಯೋನಸ್ ಇಂಡಿಯಾನಸ್. ಬರಿಗಣ್ಣಿಗೇ ಗೊತ್ತಾಗುತ್ತದೆ. 1970ರಲ್ಲಿ ಭಾರತದ ನೊಣ ನೋಡಿ ಗುಪ್ತಾ ಅವರು ಇಟ್ಟ ಹೆಸರು ಅದು. ಮೂಲ ಆಫ್ರಿಕಾ ಆದರೂ ಹೆಸರು ಇಂಡಿಯಾದ್ದೇ ಉಳಿಯಿತು. ಸ್ವಲ್ಪ ದೊಡ್ಡ, ಕಂದು ಬಣ್ಣದ ನೊಣ ಸಿಕ್ಕರೆ ತಲೆಯನ್ನು ನಿಮ್ಮ ಕಡೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಎರಡು ಕಣ್ಣುಗಳ ನಡುವಿನ ಹಣೆ ಒಂದು ಕೋನದಲ್ಲಿ ಬೆಳ್ಳಿ ತಗಡಿನ ಹಾಗೆ ಫಳ್ ಅಂತ ಹೊಳೆದರೆ ಅದು ನಾಸುಟಾ ಗುಂಪಿನ ಗಂಡು. ಇನ್ನೊಂದು ಕೋನದಲ್ಲಿ ಆ ಹೊಳಪು ಮಾಯ! ಮೊದಲ ಸಲ ನೋಡಿದಾಗ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ್ದೆ.

ಇವೆರಡನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಎರಡರಿಂದ ಎರಡೂವರೆ ಮಿಲಿಮೀಟರ್ ಉದ್ದದ, ಹಳದಿ ಕಂದು ಬಣ್ಣದ ಸಣ್ಣ ನೊಣಗಳು. ಕಷ್ಟ ಶುರುವಾಗುವುದೇ ಇಲ್ಲಿ.

ಪಠ್ಯದಲ್ಲಿ ನಾವೆಲ್ಲ ಕಲಿತದ್ದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಗಂಡಿನ ಹೊಟ್ಟೆಯ ತುದಿ ಕಪ್ಪು, ಹೆಣ್ಣಿನದು ಪಟ್ಟೆ ಪಟ್ಟೆ, ಅಲ್ವಾ? ನನ್ನ ಮೊದಲ ಪ್ರಾಕ್ಟಿಕಲ್‌ನಲ್ಲಿ ಇದೇ ಸೂತ್ರ ಹಿಡಿದು ಒಂದು ಬಾಟಲಿ ಎಣಿಸಿದೆ. ಗಂಡು ಸೊನ್ನೆ, ಹೆಣ್ಣು ನಲವತ್ತೊಂದು. ರೆಕಾರ್ಡ್ ಪುಸ್ತಕದಲ್ಲಿ ಹಾಗೇ ಬರೆದೂ ಬಿಟ್ಟೆ. ಮೇಡಂ ನೋಡಿ, “ಗಂಡೇ ಇಲ್ಲದ ಊರಾ ಇದು? ಕಾಲು ನೋಡಿದೆಯಾ?” ಅಂದರು. ನೋಡಿರಲಿಲ್ಲ. ಅನನಾಸ್ಸೆಯ ಗಂಡಿಗೆ ಹೊಟ್ಟೆಯ ತುದಿ ಕಪ್ಪಾಗಿರುವುದಿಲ್ಲ. ಬಣ್ಣ ಮಾತ್ರ ನೋಡಿದರೆ ಗಂಡೆಲ್ಲ ಹೆಣ್ಣಾಗಿಬಿಡುತ್ತದೆ. ಈಗಷ್ಟೇ ಕೋಶದಿಂದ ಹೊರಬಂದ ನೊಣ ಯಾವ ಜಾತಿಯದಾದರೂ ಪೇಲವವಾಗಿಯೇ ಇರುತ್ತದೆ. ಆಲ್ಕೋಹಾಲಿನಲ್ಲಿಟ್ಟರೆ ಬಣ್ಣ ಇನ್ನೂ ಇಳಿಯುತ್ತದೆ. ಹಾಗಾಗಿ ಬಣ್ಣವನ್ನು ಬರೆದುಕೊಳ್ಳಿ, ಅದನ್ನೇ ನಂಬಬೇಡಿ.

ನಂಬಬೇಕಾದದ್ದು ಗಂಡಿನ ಮುಂಗಾಲು. ಕಾಲಿನ ಕೊನೆಯ ಭಾಗ ಟಾರ್ಸಸ್, ಅದರಲ್ಲಿ ಐದು ಗೆಣ್ಣುಗಳಿವೆ. ಗಂಡಿಗೆ ಅಲ್ಲಿ ದಪ್ಪನೆಯ ಕಪ್ಪು ಹಲ್ಲುಗಳು ಸಾಲಾಗಿ ಇರುತ್ತವೆ. ಇದಕ್ಕೆ ಸೆಕ್ಸ್ ಕೋಂಬ್ ಎಂದು ಹೆಸರು, ನಾವು ಲ್ಯಾಬಿನಲ್ಲಿ ‘ಬಾಚಣಿಗೆ’ ಅನ್ನುತ್ತೇವೆ. ಮೆಲನೊಗ್ಯಾಸ್ಟರ್‌ನಲ್ಲಿ ಮೊದಲ ಗೆಣ್ಣಿನಲ್ಲಿ ಮಾತ್ರ ಒಂದೇ ಸಾಲು, ಸುಮಾರು ಹತ್ತು ಹಲ್ಲು, ನಿಜವಾದ ಬಾಚಣಿಗೆಯಂತೆಯೇ. ಅನನಾಸ್ಸೆಯಲ್ಲಿ ಹಾಗಲ್ಲ. ಮೊದಲೆರಡು ಗೆಣ್ಣುಗಳಲ್ಲಿ ಸಣ್ಣ ಸಣ್ಣ ಹಲ್ಲುಗಳು ಅಡ್ಡಡ್ಡ ಸಾಲುಗಳಲ್ಲಿ, ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು. ಅದರ ಹತ್ತಿರದ ನೆಂಟ ಬೈಪೆಕ್ಟಿನೇಟಾದಲ್ಲಿ ಬಾಚಣಿಗೆ ದೊಡ್ಡದು, ಓರೆ, ಹೆಸರೇ ಹೇಳುವಂತೆ (ಬೈ ಅಂದರೆ ಎರಡು, ಪೆಕ್ಟೆನ್ ಅಂದರೆ ಬಾಚಣಿಗೆ) ಎರಡು. ಇನ್ನೊಂದು ನೆಂಟ ಮಲೇರ್ಕೋಟ್ಲಿಯಾನಾದಲ್ಲೂ ಕಾಲು ಹೆಚ್ಚುಕಡಿಮೆ ಹೀಗೇ, ಆದರೆ ನಮ್ಮಲ್ಲಿ ಸಿಗುವ ಗಂಡಿನ ಹೊಟ್ಟೆಯ ತುದಿ ಕಪ್ಪು. ಅದು 1964ರಲ್ಲಿ ಪಂಜಾಬಿನ ಮಲೇರ್ಕೋಟ್ಲಾದ ಹೆಸರು ಹೊತ್ತುಕೊಂಡ ನೊಣ.

ಕಾಲೂ ಕೈಕೊಡುವ ಜೋಡಿಗಳಿವೆ. ಮೆಲನೊಗ್ಯಾಸ್ಟರ್‌ನಿಂದ ಸಿಮುಲನ್ಸ್ ಅನ್ನು ಅಮೆರಿಕದ ತಳಿವಿಜ್ಞಾನಿ ಸ್ಟರ್ಟೆವಂಟ್ ಬೇರ್ಪಡಿಸಿದ್ದು 1919ರಲ್ಲಿ. ಅಲ್ಲಿಯವರೆಗೆ ಎರಡೂ ಒಂದೇ ಬಾಟಲಿಯಲ್ಲಿ ಒಂದೇ ಹೆಸರಿನಲ್ಲಿ ಬದುಕಿದ್ದವು. ವ್ಯತ್ಯಾಸ ಗೊತ್ತಾಗುವುದು ಗಂಡಿನ ಜನನಾಂಗದ ಪಕ್ಕದ ಒಂದು ತಗಡಿನಲ್ಲಿ. ಮೆಲನೊಗ್ಯಾಸ್ಟರ್‌ನಲ್ಲಿ ಅದು ಸಣ್ಣ ಕೊಕ್ಕೆ, ಸಿಮುಲನ್ಸ್‌ನಲ್ಲಿ ಅಗಲವಾಗಿ ಚಿಪ್ಪಿನಂತೆ. ಹೊಸ ಜಾತಿ ಬರೆಯುವವರು ಜನನಾಂಗ ಬಿಡಿಸಿ ಚಿತ್ರ ಹಾಕಲೇಬೇಕು ಅನ್ನುವುದು ಇದಕ್ಕೇ.

ಹೆಣ್ಣು ಮಾತ್ರ ಸಿಕ್ಕರೆ? ಬಾಚಣಿಗೆ ಇಲ್ಲ, ನೆಂಟರೆಲ್ಲ ಒಂದೇ ತರಹ. ಆಗ ಸುಮ್ನೆ ಊಹಿಸಬೇಡಿ. ಆ ಹೆಣ್ಣನ್ನು ಒಂಟಿಯಾಗಿ ಆಹಾರವಿರುವ ವಯಲ್‌ನಲ್ಲಿ (ಸಣ್ಣ ಗಾಜಿನ ಸೀಸೆಯಲ್ಲಿ) ಬಿಡಿ. ಬಯಲಿನಲ್ಲಿ ಸಿಕ್ಕ ಹೆಣ್ಣು ಸಾಮಾನ್ಯವಾಗಿ ಕೂಡಿಯೇ ಇರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಮಕ್ಕಳು ಹೊರಬರುತ್ತವೆ. ಗಂಡುಮಕ್ಕಳ ಕಾಲು ನೋಡಿ ತಾಯಿಯ ಹೆಸರು ಬರೆಯಿರಿ. ಆಹಾರಕ್ಕೆ ಮೈಸೂರಿನ ಲ್ಯಾಬುಗಳಲ್ಲಿ ಬಳಸುವ ಲೆಕ್ಕ ಸುಲಭ: ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಷ್ಟು ಹಿಡಿಯದಂತೆ 7.5 ಮಿ.ಲೀ. ಪ್ರೊಪಿಯಾನಿಕ್ ಆಸಿಡ್. ಕುದಿಯುವಾಗ ಥೇಟ್ ಸಜ್ಜಿಗೆಯ ವಾಸನೆ. ಹಸಿದಿದ್ದಾಗ ಮಾಡಬೇಡಿ.

ಇನ್ನು ಬರೆಯುವುದು. ಅನನಾಸ್ಸೆಗೆ ಹೆಸರಿಟ್ಟವರು ಡೋಲೆಶಾಲ್. ಡಚ್ಚರ ಇಂಡೀಸ್‌ನಲ್ಲಿ ಸೇನಾ ವೈದ್ಯರಾಗಿದ್ದರು. ಈಗಿನ ಇಂಡೋನೇಷ್ಯಾದ ಆಂಬೋನ್ ದ್ವೀಪದ ನೊಣ ನೋಡಿ 1858ರಲ್ಲಿ ಬರೆದರು. ಹೆಸರಿನ ಅರ್ಥ ‘ಅನಾನಸಿನ’ ಎಂದು. ನಮ್ಮ ಅನಾನಸ್ಸೇ ಅಲ್ಲಿ ಕೂತಿದೆ, ಬಾಯಿಪಾಠ ಮಾಡಬೇಕಿಲ್ಲ. 1916ರಲ್ಲಿ ಅದೇ ಸ್ಟರ್ಟೆವಂಟ್ ಕ್ಯಾರಿಬಿಯನ್ ಕಡೆಯ ನೊಣಕ್ಕೆ ಕ್ಯಾರಿಬಿಯಾ ಎಂದು ಹೊಸ ಹೆಸರಿಟ್ಟರು. ಆಮೇಲೆ ತಿಳಿಯಿತು, ಎರಡೂ ಒಂದೇ. ಮೊದಲಿನ ಹೆಸರೇ ನಿಂತಿತು, ನಿಯಮ ಹಾಗಿದೆ. ಸಿಮುಲನ್ಸ್‌ನಂಥ ಸೂಕ್ಷ್ಮ ಬಿಡಿಸಿದ ಕಣ್ಣಿಗೇ ಹೀಗಾಗಿದೆ. ನೀವು ಬರೆದದ್ದನ್ನು ಓದುವವರ ಮುಂದೆ ನಿಮ್ಮ ನೊಣ ಇರುವುದಿಲ್ಲ, ಬರೀ ನಿಮ್ಮ ಮಾತು ಇರುತ್ತದೆ.

ಅದಕ್ಕೇ ‘ಸಣ್ಣ, ಹಳದಿ, ಸುಂದರ’ ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ನನ್ನ ಪುಸ್ತಕದಿಂದ ಒಂದು ತುಣುಕು: “ಗಂಡು. ಎದೆ ಹಳದಿ ಕಂದು, ಪಟ್ಟೆ ಇಲ್ಲ. ಹೊಟ್ಟೆಯ ತುದಿ ಕಪ್ಪಲ್ಲ. ಮುಂಗಾಲಿನ ಟಾರ್ಸಸ್‌ನ ಮೊದಲೆರಡು ಗೆಣ್ಣುಗಳಲ್ಲಿ ಅಡ್ಡ ಸಾಲಿನ ಹಲ್ಲುಗಳು. ಎಡಗಾಲು, ಬಲಗಾಲು ಎರಡೂ ನೋಡಿದೆ.” ಏನಿಲ್ಲ ಅನ್ನುವುದನ್ನೂ ಬರೆಯಬೇಕು. ರೆಕ್ಕೆಗೆ ಅಳತೆ ಬದಲು ಅನುಪಾತ ಕೊಡುವುದು ವಾಡಿಕೆ. ಮುಂದಿನ ಅಂಚಿನ ನರದಲ್ಲಿ ಎರಡನೆಯ ಭಾಗದ ಉದ್ದವನ್ನು ಮೂರನೆಯದರಿಂದ ಭಾಗಿಸಿದರೆ ಬರುವುದು ಕಾಸ್ಟಲ್ ಇಂಡೆಕ್ಸ್. ಮರಿಯಾಗಿದ್ದಾಗ ಹೊಟ್ಟೆಗೆ ಸಾಲದೆ ನೊಣ ಚಿಕ್ಕದಾದರೂ ಅನುಪಾತ ಅಷ್ಟಾಗಿ ಅಲುಗಾಡುವುದಿಲ್ಲ.

ಹೊಸ ಜಾತಿಯೇ ಸಿಕ್ಕಿತು ಅನ್ನಿಸಿದರೆ ಒಂದು ನೊಣವನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗಿ ನಿಲ್ಲುವ ಮಾದರಿ) ಎಂದು ಆರಿಸಿ, ಯಾವ ಸಂಗ್ರಹಾಲಯದಲ್ಲಿ ಇಡುತ್ತೀರಿ ಎಂದು ಹೇಳಬೇಕು. 2000ದಿಂದ ಈಚೆಗೆ ಇವು ಕಡ್ಡಾಯ. ಆದರೆ ಹೊಸತು ಅನ್ನುವ ಮೊದಲು ಬಾಟಲಿಯಲ್ಲಿರುವುದು ಅನನಾಸ್ಸೆ ಅಲ್ಲ ತಾನೇ ಎಂದು ಇನ್ನೊಮ್ಮೆ ಕಾಲು ನೋಡಿ.

ಕೊನೆಗೆ ಚೀಟಿ. ಊರು, ತಾರೀಖು, ಯಾವ ಹಣ್ಣಿನ ಮೇಲೆ, ಹಿಡಿದವರು ಯಾರು. ಪೆನ್ಸಿಲ್‌ನಲ್ಲಿ ಬರೆದು ವಯಲ್‌ನ ಒಳಗೇ ಹಾಕಿ. ನಾನು ಒಮ್ಮೆ ಜೆಲ್ ಪೆನ್ನಿನಲ್ಲಿ ಬರೆದು ಹಾಕಿದ್ದೆ. ಬೆಳಗ್ಗೆ ನೋಡಿದರೆ ಆಲ್ಕೋಹಾಲ್ ತಿಳಿನೀಲಿ, ಚೀಟಿ ಖಾಲಿ.