ಕಪ್ಪು ಕವರು, ಬೂದು ಗೆರೆ

ಬೀದರ್‌ನ ಹಳೇ ಊರಲ್ಲಿ ಬಿದರಿ ಕೆಲಸದವರ ಅಂಗಡಿಗೆ ಹೋದರೆ, ಸುಮ್ನೆ ಒಂದು ಗಂಟೆ ಕೂತು ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಗೆ ಬೆಳ್ಳಿ ತಂತಿ ಕೂರಿಸಿರುತ್ತಾರೆ. ಆದರೆ ಆ ಹೂಬಳ್ಳಿ ಅಷ್ಟಾಗಿ ಕಾಣುವುದಿಲ್ಲ. ಲೋಹವೂ ಬಿಳಿಚು, ಬೆಳ್ಳಿಯೂ ಬಿಳಿಚು. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಹೂಜಿಗೆ ಬಳಿಯುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ.

ನನಗೆ ಅಲ್ಲಿ ನೆನಪಾಗುವುದು ಹಾಸ್ಟೆಲ್ ದಿನಗಳ ಒಂದು ಕ್ಯಾಸೆಟ್. ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂ. ಕವರಿನಲ್ಲಿ ಚಿತ್ರ ಇಲ್ಲ, ಬರೀ ಕಪ್ಪು. ಪ್ರಿಂಟ್ ಕೆಟ್ಟಿರಬೇಕು ಅಂದುಕೊಂಡಿದ್ದೆ. ಆ ಕಪ್ಪು ಸೂತಕದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಬ್ಯಾಂಡಿನವರಿಗೆ ಪೂರ್ತಿ ಕಪ್ಪೇ ಬೇಕಿತ್ತು. ಹೆಸರಿನ ಅಕ್ಷರದ ಸುತ್ತ ಬೂದು ಗೆರೆಯಾದರೂ ಇರಲಿ ಎಂದು ಹಟ ಹಿಡಿದದ್ದು ರೆಕಾರ್ಡ್ ಕಂಪನಿ. ಸತ್ತವನ ಫೋಟೊ ಮುಖಪುಟದಲ್ಲಿಲ್ಲ, ಹೆಸರೂ ಇಲ್ಲ.

ಸತ್ತವನು ಬಾನ್ ಸ್ಕಾಟ್. 1974ರಿಂದ ಬ್ಯಾಂಡಿನ ಹಾಡುಗಾರ. 1979ರ ‘ಹೈವೇ ಟು ಹೆಲ್’ ಆಲ್ಬಂ ಅವರನ್ನು ಅಮೆರಿಕದಲ್ಲಿ ಮೇಲಕ್ಕೆತ್ತಿತ್ತು. ಮುಂದಿನ ಆಲ್ಬಂಗೆ ಮಾಲ್ಕಂ ಯಂಗ್, ಆಂಗಸ್ ಯಂಗ್ ಅಣ್ಣತಮ್ಮಂದಿರು ಲಂಡನ್‌ನಲ್ಲಿ ಗಿಟಾರ್ ಹಿಡಿದು ಕೂತಿದ್ದರು. ಒಂದು ದಿನ ಬಾನ್ ಬಂದ. ಹಾಡಲಿಲ್ಲ, ಡ್ರಮ್ ಮುಂದೆ ಕೂತು ತಾಳ ಹಾಕಿಕೊಟ್ಟ. ಅದಾಗಿ ಕೆಲವೇ ದಿನಕ್ಕೆ, 1980ರ ಫೆಬ್ರವರಿ 19ರಂದು, ರಾತ್ರಿಯೆಲ್ಲ ಕುಡಿದು ಕಾರಿನಲ್ಲಿ ಮಲಗಿದವನು ಏಳಲೇ ಇಲ್ಲ. ವಯಸ್ಸು 33.

ಬ್ಯಾಂಡ್ ಮುಚ್ಚುವ ಮಾತು ಬಂತು. ಬೇಡ, ಮುಂದುವರಿಸಿ ಎಂದವರು ಬಾನ್‌ನ ಅಪ್ಪ ಅಮ್ಮ.

ಇದನ್ನು ಓದಿದಾಗ ಭಾಲ್ಕಿ ಕಡೆಯ ನಮ್ಮ ಹಳ್ಳಿಯ ಭಜನಾ ಮೇಳ ಕಣ್ಣಿಗೆ ಕಟ್ಟಿತು. ಮುಂದೆ ನಿಂತು ಹಾಡುತ್ತಿದ್ದ ಕಾಕಾ ತೀರಿಕೊಂಡ ವರ್ಷ, ಶ್ರಾವಣ ಸೋಮವಾರ ಎಲ್ಲರೂ ಗುಡಿಗೆ ಬಂದು ಕೂತರು. ಹಾರ್ಮೋನಿಯಂ ತೆರೆದೇ ಇತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಕಾಕಾನ ತಾಳಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮೊಳೆಗೆ ತೂಗುಹಾಕಿದ್ದರು. ಕೊನೆಗೆ ಕಾಕಾನ ಹೆಂಡತಿ, ನಮ್ಮ ಕಾಕು ಎದ್ದು, ಅದನ್ನು ಬಿಚ್ಚಿ, ತನ್ನ ಅಕ್ಕನ ಮಗನ ಕೈಗೆ ಕೊಟ್ಟಳು. “ತಗೋ ಯಪ್ಪಾ, ಎಷ್ಟೊತ್ತು ಹಿಂಗ ಕೂಡ್ತೀರಿ?” ಕಾಕಾ ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುತ್ತಿದ್ದರು. ಹುಡುಗ ಎತ್ತಿದ್ದು ಅದಕ್ಕಿಂತ ಮೇಲಿನ ಕರಿ ಎರಡರಲ್ಲಿ. ಹಿಮ್ಮೇಳದ ಮುದುಕರಿಗೆ ಉಸಿರು ಸಾಲದೆ ಒದ್ದಾಡಿದ್ದು ಈಗಲೂ ನೆನಪಿದೆ.

ಎಸಿ/ಡಿಸಿಯಲ್ಲೂ ಶ್ರುತಿ ಏರಿತು. ಹೊಸಬ ಬ್ರಯಾನ್ ಜಾನ್ಸನ್, ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯವನು. ‘ಜಾರ್ಡಿ’ ಎಂಬ ಬ್ಯಾಂಡಿನಲ್ಲಿ ಹಾಡಿ, ಅದು ಸೊರಗಿದ ಮೇಲೆ ಕಾರು ರಿಪೇರಿ ಕೆಲಸ ಹಿಡಿದಿದ್ದ. ಬಾನ್ ಹಿಂದೊಮ್ಮೆ ಅವನನ್ನು ವೇದಿಕೆಯ ಮೇಲೆ ಕಂಡು ಯಂಗ್ ಅಣ್ಣತಮ್ಮಂದಿರ ಹತ್ತಿರ ಹೊಗಳಿದ್ದನಂತೆ: ನೆಲದ ಮೇಲೆ ಬಿದ್ದು ಹೊರಳಾಡಿ ಕಿರುಚುತ್ತಾನೆ, ಏನು ಹಾಡುಗಾರ! ಬ್ರಯಾನ್ ಹೇಳುವ ಪ್ರಕಾರ ಆ ರಾತ್ರಿ ಅವನಿಗೆ ಅಪೆಂಡಿಸೈಟಿಸ್. ಹೊಟ್ಟೆನೋವು ತಾಳಲಾರದೆ ಹೊರಳಾಡಿದ್ದು.

ಏಪ್ರಿಲ್‌ನಲ್ಲಿ ಬಹಾಮಾಸ್ ದ್ವೀಪದ ನಸಾವ್‌ನಲ್ಲಿ ಧ್ವನಿಮುದ್ರಣ ಶುರುವಾಯಿತು. ನಿರ್ಮಾಪಕ ಮಟ್ ಲ್ಯಾಂಗ್. ಹೊರಗೆ ಬಿರುಗಾಳಿ, ಮಳೆ. ಆ ಗುಡುಗು ಮೊದಲ ಹಾಡು ‘ಹೆಲ್ಸ್ ಬೆಲ್ಸ್’ನ ಸಾಲುಗಳಿಗೂ ನುಗ್ಗಿತು. ಈ ಹಾಡಿಗೆ ಒಂದು ಘಂಟೆ ಬೇಕಿತ್ತು. ಸುಮಾರು 900 ಕಿಲೋ ತೂಕದ್ದನ್ನು ಇಂಗ್ಲೆಂಡಿನ ಲಫ್‌ಬರೋ ಊರಿನ ಎರಕದವರಿಗೆ ಹೇಳಿ ಮಾಡಿಸಿದರು. ಅದು ತಡವಾಗುತ್ತೆ ಅಂತ, ಎಂಜಿನಿಯರ್ ಟೋನಿ ಪ್ಲ್ಯಾಟ್ ಅದೇ ಊರಿನ ಯುದ್ಧ ಸ್ಮಾರಕದ ಗೋಪುರದ ಘಂಟೆಗೇ ಮೈಕ್ ಇಟ್ಟ. ಬಡಿದಾಗಲೆಲ್ಲ ಅಲ್ಲಿದ್ದ ಹಕ್ಕಿಗಳು ಪಟಪಟ ರೆಕ್ಕೆ ಬಡಿದು ಹಾರಿದವು! ನಮ್ಮ ಬೀದರ್‌ನ ಗವಾನ್ ಮದರಸಾದ ಪಾರಿವಾಳ ನೋಡಿದವರಿಗೆ ಈ ಫಜೀತಿ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಕಾರ್ಖಾನೆಯಲ್ಲೇ ಹೊಸ ಘಂಟೆಯನ್ನು ಬಡಿಸಿ ಹಿಡಿದರು.

ಆಲ್ಬಂ ಶುರುವಾಗುವುದೇ ಆ ಘಂಟೆಯಿಂದ. ನಿಧಾನ, ಒಂದೊಂದಾಗಿ. ಹೆಣದ ಮುಂದೆ ಬಾರಿಸುವ ಘಂಟೆಯಂತೆ. ಆಮೇಲೆ ಗಿಟಾರ್ ಬರುತ್ತದೆ. ಮುಂದಿನ ಹಾಡುಗಳಲ್ಲಿ ಕುಡಿತ, ಹೆಣ್ಣು, ಗಲಾಟೆ, ಎಲ್ಲ ಹಳೇ ಚಾಳಿ. ಕುಡಿತಕ್ಕೆ ಗೆಳೆಯನನ್ನು ಕಳಕೊಂಡವರು ಕುಡಿತದ ಮೇಲೇ ಒಂದು ಹಾಡು ಇಟ್ಟಿದ್ದಾರೆ. ನನಗೆ ಮೊದಲು ಇದು ಸ್ವಲ್ಪ ಕಸಿವಿಸಿ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಬಾನ್ ಡ್ರಮ್ ಹಾಕಿಕೊಟ್ಟ ರಾಗಗಳಲ್ಲಿ ಅದೂ ಒಂದು.

ಜುಲೈ 25ಕ್ಕೆ ಆಲ್ಬಂ ಬಂತು. ಬಾನ್ ಸತ್ತು ಐದು ತಿಂಗಳು ಆರು ದಿನ. ಅಮೆರಿಕ ಒಂದರಲ್ಲೇ ಅದರ ಲೆಕ್ಕ 2019ರ ಹೊತ್ತಿಗೆ 2.5 ಕೋಟಿ ಪ್ರತಿ ಮುಟ್ಟಿತ್ತು.

ಅದೇ 1980ರಲ್ಲಿ ಇನ್ನೆರಡು ಬ್ಯಾಂಡುಗಳ ಮೇಲೂ ಇಂಥದ್ದೇ ಪೆಟ್ಟು ಬಿತ್ತು. ಮೇ 18ರಂದು ‘ಜಾಯ್ ಡಿವಿಷನ್’ನ ಇಯಾನ್ ಕರ್ಟಿಸ್ ಹೋದ. ಒಬ್ಬ ಹೋದರೂ ಹೆಸರು ಬಿಡೋಣ ಎಂದು ಮೊದಲೇ ಮಾತಾಗಿತ್ತು. ಉಳಿದವರು ‘ನ್ಯೂ ಆರ್ಡರ್’ ಆಗಿ, 1981ರಲ್ಲಿ ‘ಮೂವ್‌ಮೆಂಟ್’ ಆಲ್ಬಂ ತಂದರು. ಸೆಪ್ಟೆಂಬರ್ 25ಕ್ಕೆ ‘ಲೆಡ್ ಜೆಪ್ಲಿನ್’ನ ಡ್ರಮ್ ವಾದಕ ಜಾನ್ ಬಾನಮ್ ಹೋದ. ಅವನಿಲ್ಲದೆ ಆಗಲ್ಲ ಎಂದು ಡಿಸೆಂಬರ್‌ನಲ್ಲಿ ಬ್ಯಾಂಡೇ ನಿಂತಿತು. ಮುಂದೆ 1986ರಲ್ಲಿ ‘ಮೆಟಾಲಿಕಾ’ ತನ್ನ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್‌ನನ್ನು ಬಸ್ ಅಪಘಾತದಲ್ಲಿ ಕಳಕೊಂಡಿತು. 1988ರ ಅವರ ಆಲ್ಬಂನಲ್ಲಿ ಹೊಸಬನ ಬೇಸ್ ಕಿವಿಗೊಟ್ಟರೂ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂರಿಸಿ ಬಡಿಸದೇ ಇದ್ದ ಹಾಗೆ. ಎಸಿ/ಡಿಸಿಯವರು ಬ್ರಯಾನ್‌ಗೆ ಹಾಗೆ ಮಾಡಲಿಲ್ಲ. ಹಾಡೂ ಅವನದು, ಸಾಲು ಬರೆಯುವ ಕೆಲಸವೂ ಅವನದು.

ಜಗಳ ಇರುವುದು ಇಲ್ಲೇ. ಬಾನ್ ಹತ್ತಿರ ಸಾಲುಗಳ ನೋಟ್‌ಬುಕ್ ಇತ್ತು, ಅದರಿಂದ ಎತ್ತಿದ್ದಾರೆ ಎಂಬ ಮಾತು ಅಭಿಮಾನಿಗಳ ನಡುವೆ ಇನ್ನೂ ಸತ್ತಿಲ್ಲ. ಬ್ರಯಾನ್ ಇಲ್ಲ ಅನ್ನುತ್ತಾನೆ. ಬರೆದವರ ಜಾಗದಲ್ಲಿ ಹತ್ತೂ ಹಾಡಿಗೆ ಮೂರೇ ಹೆಸರು: ಯಂಗ್, ಯಂಗ್, ಜಾನ್ಸನ್. ನನಗೆ ಬ್ರಯಾನ್ ಮಾತೇ ನಂಬಿಕೆ. ಆದರೂ ಡ್ರಮ್ ಮುಂದೆ ಕೂತ ಆ ಬಾನ್ ಕಣ್ಣ ಮುಂದಿಂದ ಹೋಗುವುದಿಲ್ಲ, ಅಲ್ವಾ?

2017ರ ನವೆಂಬರ್ 18ರಂದು ಮಾಲ್ಕಂ ಯಂಗ್ ತೀರಿಕೊಂಡ. ಮರೆವಿನ ಕಾಯಿಲೆ. ಅವನ ಗಿಟಾರ್ ಜಾಗಕ್ಕೆ ಆಗಲೇ ಅಣ್ಣನ ಮಗ ಸ್ಟೀವಿ ಬಂದಿದ್ದ. ಆಂಗಸ್, ತಾನೂ ಮಾಲ್ಕಂ ಕೂಡಿ ಹಿಂದೆ ಕಟ್ಟಿಟ್ಟಿದ್ದ ಗಿಟಾರ್ ತುಣುಕುಗಳನ್ನು ಹುಡುಕಿ ತೆಗೆದು ‘ಪವರ್ ಅಪ್’ ಆಲ್ಬಂ ಮಾಡಿದ. 2020ರ ನವೆಂಬರ್ 13ಕ್ಕೆ ಅದು ಬಂತು. ಹನ್ನೆರಡು ಹಾಡು. ಬರೆದವರು ಯಾರು ಅಂತ ನೋಡಿದರೆ ಹನ್ನೆರಡಕ್ಕೂ ಆಂಗಸ್ ಯಂಗ್, ಮಾಲ್ಕಂ ಯಂಗ್.