ಗಗಾರಿನ್ ಮೊದಲಿಗರಾದರು, ಆದರೆ ಚಂದ್ರನ ಮೇಲೆ ಸೋವಿಯತ್ ಯಾತ್ರಿ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಮೊದಲ ಉಪಗ್ರಹ ಅವರದ್ದು, ಮೊದಲ ಗಗನಯಾತ್ರಿ ಅವರ ಕಡೆಯವರು, ಮೊದಲ ಮಹಿಳೆಯೂ ಅಲ್ಲಿಯವರೇ. ಹೀಗಿದ್ದೂ ಚಂದ್ರನ ವಿಷಯಕ್ಕೆ ಬಂದಾಗ ಸೋವಿಯತ್ ಒಕ್ಕೂಟ ಹಿಂದೆ ಬಿದ್ದದ್ದು ಹೇಗೆ?

ಉತ್ತರ: ತುಂಬಾ ಜನ ಕೇಳುವ ಪ್ರಶ್ನೆ ಇದು. ಅವರು ತಮ್ಮ ಚಂದ್ರ ರಾಕೆಟ್‌ನ ಮೊದಲ ಹಂತವನ್ನು, ಅಂದರೆ ಮೊದಲು ಉರಿಯುವ ಬುಡದ ಭಾಗವನ್ನು, ನೆಲದ ಮೇಲೆ ಕಟ್ಟಿಹಾಕಿ ಉರಿಸಿ ನೋಡಲೇ ಇಲ್ಲ. ನನ್ನ ಪ್ರಕಾರ ಅವರು ಸೋತದ್ದು ಅಲ್ಲೇ. ಅಲ್ಲಿಗೆ ಬಂದು ಮುಟ್ಟಿದ ದಾರಿಯನ್ನು ಸ್ವಲ್ಪ ನೋಡೋಣ.

1957ರಲ್ಲಿ ಸ್ಪುಟ್ನಿಕ್ ಎತ್ತಿದ್ದು ಆರ್-7 ಅನ್ನುವ ಕ್ಷಿಪಣಿ. 1961ರ ಏಪ್ರಿಲ್ 12ರಂದು ಗಗಾರಿನ್ ಅವರನ್ನು 108 ನಿಮಿಷಗಳ ಯಾನಕ್ಕೆ ಕಳಿಸಿದ್ದೂ ಅದೇ ಮನೆತನದ ರಾಕೆಟ್. ಅದನ್ನು ಕಟ್ಟಿದ್ದು ಅಮೆರಿಕದ ತನಕ ಬಾಂಬ್ ಒಯ್ಯೋದಕ್ಕೆ. ಸೋವಿಯತ್ ಬಾಂಬ್ ಭಾರ ಜಾಸ್ತಿ ಇತ್ತು, ಹಾಗಾಗಿ ರಾಕೆಟ್ಟೂ ದೊಡ್ಡದೇ ಆಯಿತು. ಆ ಕಸುವೇ ಮುಂದೆ ಮನುಷ್ಯನನ್ನು ಎತ್ತೋದಕ್ಕೂ ಒದಗಿ ಬಂತು. ಆದರೆ ಚಂದ್ರನ ಮೇಲೆ ಇಳಿದು ವಾಪಸ್ ಬರೋದಕ್ಕೆ ಅದು ಎಲ್ಲಿ ಸಾಕಾಗಬೇಕು? ಹೊಸದನ್ನೇ ಕಟ್ಟಬೇಕಿತ್ತು.

ಅವರು ಶುರು ಮಾಡಿದ್ದೇ ತಡವಾಗಿ. ಅಮೆರಿಕದ ಅಧ್ಯಕ್ಷ ಕೆನಡಿ 1961ರ ಮೇ ತಿಂಗಳಲ್ಲೇ ಚಂದ್ರನ ಗುರಿ ಘೋಷಿಸಿದ್ದರು. ಮಾಸ್ಕೋ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದ್ದು 1964ರ ಆಗಸ್ಟ್‌ನಲ್ಲಿ. ಅದರ ಜೊತೆಗೆ ಇಬ್ಬರು ಘಟಾನುಘಟಿಗಳ ಜಗಳ ಬೇರೆ. ಗಗಾರಿನ್ ಹಾರಿದ ರಾಕೆಟ್ ರೂಪಿಸಿದ ಸೆರ್ಗೇಯ್ ಕೊರೊಲ್ಯೋವ್ ಅವರಿಗೆ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕದ ಎಂಜಿನ್ ಬೇಕಿತ್ತು. ದೇಶದ ದೊಡ್ಡ ಎಂಜಿನ್ ತಜ್ಞ ವ್ಯಾಲೆಂಟಿನ್ ಗ್ಲುಷ್ಕೊ ಬೇರೆ ಇಂಧನಕ್ಕೇ ಪಟ್ಟು ಹಿಡಿದರು. ಅದು ವಿಷ, ಮನುಷ್ಯರು ಕೂರುವ ರಾಕೆಟ್‌ಗೆ ಬೇಡ ಅನ್ನೋದು ಕೊರೊಲ್ಯೋವ್ ವಾದ. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಕೆಲಸ ಹೋಗಿದ್ದು ವಿಮಾನದ ಎಂಜಿನ್ ಮಾಡುತ್ತಿದ್ದ ನಿಕೊಲಾಯ್ ಕುಜ್ನೆತ್ಸೋವ್ ಅವರ ಕೈಗೆ.

ಕುಜ್ನೆತ್ಸೋವ್ ಮಾಡಿದ ಎಂಜಿನ್‌ಗಳು ಚೊಕ್ಕವಾಗಿದ್ದವು, ಆದರೆ ಗಾತ್ರ ಚಿಕ್ಕದು. ಹಾಗಾಗಿ ಎನ್-1 ಹೆಸರಿನ ಆ ರಾಕೆಟ್‌ನ ಮೊದಲ ಹಂತಕ್ಕೆ 30 ಎಂಜಿನ್ ಬೇಕಾದವು. ಅಮೆರಿಕದ ಸ್ಯಾಟರ್ನ್-5ಕ್ಕೆ ಐದೇ ಸಾಕಾಗಿತ್ತು. ಮೂವತ್ತೂ ಒಟ್ಟಿಗೆ ಉರಿಯಬೇಕು, ಒಂದು ಕೆಟ್ಟರೆ ಪಕ್ಕದ್ದಕ್ಕೆ ಪೆಟ್ಟಾಗಬಾರದು. ಅಷ್ಟು ಸಲೀಸಲ್ಲ, ಅಲ್ವಾ?

ಆ ಎಂಜಿನ್‌ನ ಕೆಲವು ಕವಾಟಗಳು ಸಣ್ಣ ಸಿಡಿಮದ್ದಿನಿಂದ ತೆರೆದುಕೊಳ್ಳುವಂಥವು. ಒಂದು ಸಲ ಸಿಡಿದರೆ ಮುಗೀತು. ಅಂದರೆ ಒಮ್ಮೆ ಉರಿಸಿ ನೋಡಿದ ಎಂಜಿನ್ನನ್ನು ಮತ್ತೆ ಹಾರಿಸೋದಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಆರು ಎಂಜಿನ್ ತಯಾರಾದರೆ ಎರಡನ್ನು ಉರಿಸಿ ನೋಡುತ್ತಿದ್ದರು. ಅವು ಸರಿ ಇದ್ದರೆ ಉಳಿದ ನಾಲ್ಕೂ ಸರಿ ಇವೆ ಎಂದುಕೊಂಡು ರಾಕೆಟ್‌ಗೆ ಜೋಡಿಸುತ್ತಿದ್ದರು. ಮೂವತ್ತನ್ನೂ ಕೂಡಿಸಿ ಉರಿಸುವ ಪರೀಕ್ಷಾ ಕಟ್ಟೆಯನ್ನು ಕಟ್ಟಲೇ ಇಲ್ಲ. ಅದಕ್ಕೆ ಬೇಕಾದ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಅಮೆರಿಕದವರು ತಮ್ಮ ಮೊದಲ ಹಂತವನ್ನು ದೋಣಿಯಲ್ಲಿ ಮಿಸಿಸಿಪ್ಪಿಗೆ ಒಯ್ದು, ಕಟ್ಟೆಗೆ ಬಿಗಿದು ಉರಿಸಿ ನೋಡಿ, ಆಮೇಲೆ ಫ್ಲಾರಿಡಾಗೆ ತರುತ್ತಿದ್ದರು. ಸೋವಿಯತ್ ರಾಕೆಟ್‌ಗಳು ಹಾರುತ್ತಿದ್ದ, ಕಜಕಿಸ್ತಾನದ ಬಯಲಲ್ಲಿರುವ ಬೈಕನೂರಿಗೆ ಆ ಥರ ನೀರಿನ ದಾರಿ ಇಲ್ಲ. 17 ಮೀಟರ್ ಅಗಲದ ಬುಡವನ್ನು ತುಂಡು ತುಂಡಾಗಿ ರೈಲಿನಲ್ಲಿ ತಂದು ಅಲ್ಲೇ ಬೆಸೆಯಬೇಕಿತ್ತು.

ಕೊರೊಲ್ಯೋವ್ ಇದನ್ನೆಲ್ಲ ನೋಡೋದಕ್ಕೆ ಉಳಿಯಲಿಲ್ಲ. 1966ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ವೇಳೆ ತೀರಿಕೊಂಡರು, ಆಗ ಅವರಿಗೆ 59. ಗಗಾರಿನ್ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು. ಅವರನ್ನು ಮೇಲೆ ಕಳಿಸಿದ ಈ ಮನುಷ್ಯನ ಹೆಸರು ಅವರ ದೇಶದ ಜನಕ್ಕೇ ಗೊತ್ತಾಗಿದ್ದು ಅವರು ಸತ್ತ ಮೇಲೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎನ್-1 ಮೊದಲು ಹಾರಿದ್ದು 1969ರ ಫೆಬ್ರವರಿ 21ರಂದು. ಒಂದು ನಿಮಿಷ ದಾಟಿದ ಮೇಲೆ ಬೆಂಕಿಗೆ ಸಿಕ್ಕಿ ಬಿತ್ತು. ಎರಡನೇ ಸಲ ಅದೇ ವರ್ಷ ಜುಲೈ 3ರ ರಾತ್ರಿ. ರಾಕೆಟ್ ಆಗಷ್ಟೇ ನೆಲ ಬಿಟ್ಟಿತ್ತು, ಒಂದು ಎಂಜಿನ್‌ನ ಪಂಪ್ ಸಿಡಿಯಿತು. ಎಂಜಿನ್‌ಗಳನ್ನು ಕಾಯೋದಕ್ಕೆ ಇಟ್ಟಿದ್ದ ವ್ಯವಸ್ಥೆ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಆರಿಸಿಬಿಟ್ಟಿತು. ಇಂಧನ ತುಂಬಿದ್ದ 105 ಮೀಟರ್ ಎತ್ತರದ ರಾಕೆಟ್ ವಾಲಿ, ತಾನು ಎದ್ದ ಕಟ್ಟೆಯ ಮೇಲೇ ಬಂದು ಬಿತ್ತು. ಕಟ್ಟೆ ನಾಮಾವಶೇಷವಾಯಿತು. ಅದರಲ್ಲಿ ಯಾರೂ ಇರಲಿಲ್ಲ, ಅದೇ ಪುಣ್ಯ. ಹದಿನೇಳು ದಿನ ಕಳೆದ ಮೇಲೆ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿದರು.

1971 ಮತ್ತು 1972ರ ಪ್ರಯತ್ನಗಳೂ ಕೈಗೂಡಲಿಲ್ಲ. ಕೊನೆಯದಂತೂ 107 ಸೆಕೆಂಡ್ ಹಾರಿತ್ತು. ಮೊದಲ ಹಂತದ ಕೆಲಸ ಮುಗಿಯೋದಕ್ಕೆ ಇನ್ನು ಕೆಲವೇ ಸೆಕೆಂಡ್ ಬಾಕಿ ಇತ್ತು. ನೆಲದ ಮೇಲೆ ಸಿಗಬೇಕಾದ ಪಾಠವನ್ನು ಅವರು ಹೀಗೆ ಒಂದೊಂದು ರಾಕೆಟ್ ಕಳೆದುಕೊಂಡು ಕಲಿಯುತ್ತಿದ್ದರು. 1974ರಲ್ಲಿ ಕೆಲಸ ನಿಲ್ಲಿಸಿದರು. ನಿಲ್ಲಿಸಿದ್ದು ಬೇರೆ ಯಾರೂ ಅಲ್ಲ, ಕೊರೊಲ್ಯೋವ್ ಕುರ್ಚಿಗೆ ಬಂದು ಕೂತ ಗ್ಲುಷ್ಕೊ.

ಇಳಿಯುವ ನೌಕೆ ತಯಾರಿತ್ತಾ ಅಂತ ಕೇಳಬಹುದು. ತಯಾರಿತ್ತು, ಭೂಮಿಯ ಸುತ್ತ ಹಾರಿಸಿ ನೋಡಿಯೂ ಇದ್ದರು. ಅದರಲ್ಲಿ ಜಾಗ ಒಬ್ಬರಿಗೇ. ಒಳಗಿಂದ ಒಳಗೆ ದಾಟುವ ದಾರಿ ಇರಲಿಲ್ಲ. ಆ ಯಾತ್ರಿ ದೊಡ್ಡ ನೌಕೆಯಿಂದ ಆಚೆ ಬಂದು, ನಿರ್ವಾತದಲ್ಲಿ ತೇಲಿಕೊಂಡು ಹೋಗಿ ಇದರೊಳಗೆ ಹತ್ತಬೇಕಿತ್ತು. ಹಾಗೆ ಹೋಗಲು ತರಬೇತಿ ಪಡೆದವರಲ್ಲಿ ಅಲೆಕ್ಸೇಯ್ ಲಿಯೊನೋವ್ ಮುಂದಿದ್ದರು. 1965ರಲ್ಲಿ ಬಾಹ್ಯಾಕಾಶದಲ್ಲಿ ನೌಕೆಯಿಂದ ಮೊದಲು ಹೊರಬಂದವರೂ ಅವರೇ.

ಐದನೇ ಎನ್-1ಗೆಂದು ಕುಜ್ನೆತ್ಸೋವ್ ಎನ್‌ಕೆ-33 ಅನ್ನುವ ಹೊಸ ಎಂಜಿನ್ ಮಾಡಿದ್ದರು. ಇದನ್ನು ಉರಿಸಿ ನೋಡಿ, ಮತ್ತೆ ಹಾರಿಸಬಹುದಿತ್ತು. ಎಲ್ಲವನ್ನೂ ನಾಶ ಮಾಡಿ ಅಂತ ಆದೇಶ ಬಂದರೂ ಅವರು ಎಂಜಿನ್‌ಗಳನ್ನು ಗೋದಾಮಿನಲ್ಲಿ ಉಳಿಸಿಕೊಂಡರು. 1990ರ ದಶಕದಲ್ಲಿ ಅಮೆರಿಕದ ಕಂಪನಿಯೊಂದು ಅವುಗಳಲ್ಲಿ ಹಲವನ್ನು ಕೊಂಡುಕೊಂಡಿತು. 2013ರ ಏಪ್ರಿಲ್ 21ರಂದು ವರ್ಜೀನಿಯಾದ ಕಡಲ ತೀರದಿಂದ ಆಂಟಾರೆಸ್ ಅನ್ನುವ ರಾಕೆಟ್ ಮೊದಲ ಸಲ ಎದ್ದು ಕಕ್ಷೆ ಸೇರಿತು. ಅದರ ಬುಡದಲ್ಲಿ ಉರಿದದ್ದು ಚಂದ್ರನಿಗೆಂದು ಮಾಡಿಟ್ಟಿದ್ದ ಆ ಎಂಜಿನ್‌ಗಳಲ್ಲಿ ಎರಡು.