ಕೆಂಡ ಕೋಣೆಯ ಹೊರಗಿರಲಿ, ಕೌದಿ ಮೈಮೇಲಿರಲಿ

ಕಾರವಾರ ಸಮುದ್ರಮಟ್ಟದಲ್ಲಿದೆ, ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಆ ಲೆಕ್ಕದಲ್ಲಿ ಎರಡು ಊರುಗಳ ನಡುವೆ ಇರಬೇಕಾದ ಅಂತರ 4 ಡಿಗ್ರಿ ಮಾತ್ರ. ಆದರೆ ಪುಷ್ಯ ಮಾಸದ ಬೆಳಗಿನ ಜಾವ ತೋಟದಂಚಿನ ಮನೆಯಲ್ಲಿ ಎದ್ದವರಿಗೆ ಅಂತರ ಅದಕ್ಕಿಂತ ಹೆಚ್ಚೆಂದು ಗೊತ್ತು. ಮೋಡವಿಲ್ಲದ ರಾತ್ರಿಯಲ್ಲಿ ನೆಲವೂ ಹೆಂಚೂ ತಮ್ಮ ಶಾಖವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತವೆ. ಅವುಗಳಿಗೆ ತಾಗಿದ ಗಾಳಿ ತಣಿದು ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ನೀರಿನ ಆಸರೆಗಾಗಿ ಅಡಿಕೆ ತೋಟಗಳು ಇರುವುದು ಅಂಥ ಕಣಿವೆಗಳಲ್ಲೇ, ಮನೆಗಳಿರುವುದು ಅವುಗಳ ಅಂಚಿನಲ್ಲೇ. ಕರಾವಳಿಯಲ್ಲಾದರೆ ಸಮುದ್ರ ರಾತ್ರಿಯ ಉಷ್ಣತೆಯನ್ನು ಅಷ್ಟು ಕೆಳಗಿಳಿಯಲು ಬಿಡುವುದಿಲ್ಲ.

ಹಿಮ ಬೀಳದ ಸೀಮೆಯೆಂಬ ಕಾರಣಕ್ಕೆ ನಾವು ಈ ಚಳಿಯನ್ನು ಹಗುರವಾಗಿ ಕಾಣುತ್ತೇವೆ. ವಿಜ್ಞಾನ ಹೇಳುವುದು ಬೇರೆ. ಯುರೋಪಿನ ಹಲವು ಪ್ರದೇಶಗಳನ್ನು ಹೋಲಿಸಿ 1997ರಲ್ಲಿ ಪ್ರಕಟವಾದ ಯೂರೋವಿಂಟರ್ ಅಧ್ಯಯನದ ಪ್ರಕಾರ, ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗ ಸಾವುಗಳು ಹೆಚ್ಚು ಏರುವುದು ಸೌಮ್ಯ ಚಳಿಗಾಲವಿರುವ ಪ್ರದೇಶಗಳಲ್ಲಿ. ಅಲ್ಲಿನ ಮನೆಗಳು ತಣ್ಣಗಿರುತ್ತವೆ, ಜನರ ಮೈಮೇಲೆ ಬಟ್ಟೆ ಕಡಿಮೆ ಇರುತ್ತದೆ. ಭಾರತದ ಸಾವುಗಳನ್ನು ಕುರಿತು 2018ರಲ್ಲಿ ಬಂದ ದೊಡ್ಡ ಅಧ್ಯಯನವೂ ವಿಪರೀತ ಚಳಿ, ವಿಪರೀತ ಸೆಕೆಯ ದಿನಗಳಿಗಿಂತ ಮಧ್ಯಮ ಚಳಿಯ ದಿನಗಳೇ ಒಟ್ಟಾರೆ ಹೆಚ್ಚು ಜೀವ ತೆಗೆಯುತ್ತವೆಂದು ತೋರಿಸಿತು. ಅಂಥ ದಿನಗಳ ಸಂಖ್ಯೆ ದೊಡ್ಡದು, ಎಚ್ಚರಿಕೆ ಚಿಕ್ಕದು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಚಿನ ಸಂದಿಗಳಿಂದ ಗಾಳಿ ನುಗ್ಗುವ, ಮುಚ್ಚಿಗೆಯಿಲ್ಲದ ಕೋಣೆಯಲ್ಲಿ ನಸುಕಿನ ಹೊತ್ತಿಗೆ ಅಷ್ಟು ಉಳಿಯುವುದು ಕಷ್ಟ.

ಚಳಿ ತಾಗಿದ ಕೂಡಲೇ ದೇಹ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ರಕ್ತವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಅದರಿಂದ ಶಾಖ ಉಳಿಯುತ್ತದೆ, ಜೊತೆಗೆ ರಕ್ತದೊತ್ತಡ ಏರುತ್ತದೆ; ಮೂತ್ರ ಹೆಚ್ಚಾಗಿ ರಕ್ತ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುವುದಕ್ಕೆ ಇವು ಮುಖ್ಯ ಕಾರಣಗಳು. ವಯಸ್ಸಾದವರಲ್ಲಿ ಸ್ನಾಯು ಕಡಿಮೆಯಾಗಿರುವುದರಿಂದ ನಡುಕ ದುರ್ಬಲವಾಗಿರುತ್ತದೆ, ಚಳಿಯ ಅರಿವೇ ತಡವಾಗಿ ಬರುತ್ತದೆ. ಆದ್ದರಿಂದ ಅಜ್ಜಿ "ನನಗೇನೂ ಚಳಿಯಿಲ್ಲ" ಎಂದರೆ ಆ ಮಾತನ್ನು ನಂಬಿ ಸುಮ್ಮನಾಗಬಾರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಹಿರಿಯರು ತಡರಾತ್ರಿಯವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂರುವುದುಂಟು. ಕೈ ಮಾತ್ರ ಆಡುತ್ತಿರುವ ಆ ಕೆಲಸ ದೇಹಕ್ಕೆ ಬೇಕಾದಷ್ಟು ಶಾಖ ಹುಟ್ಟಿಸುವುದಿಲ್ಲ.

ಚಳಿಗಿಂತಲೂ ನನಗೆ ಹೆಚ್ಚು ಭಯ ಹುಟ್ಟಿಸುವುದು ಚಳಿ ಕಳೆಯಲು ಒಳಗೆ ತರುವ ಕೆಂಡ. ಒಲೆಯಲ್ಲಿ ಕಟ್ಟಿಗೆ ಉರಿಯುವಾಗ ಹೊಗೆ ಕಣ್ಣಿಗೆ ತಾಗಿ ಎಚ್ಚರಿಸುತ್ತದೆ, ನಾವು ಎದ್ದು ಬಾಗಿಲು ತೆರೆಯುತ್ತೇವೆ. ನಿಗಿನಿಗಿ ಕೆಂಡದಲ್ಲಿ ಹೊಗೆಯಿಲ್ಲ, ಆದರೆ ಸಾಕಷ್ಟು ಆಮ್ಲಜನಕ ಸಿಗದ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊರಗಿನ ಗಾಳಿಗೆ ಬಂದ ಮೇಲೂ ಅದರ ಅರ್ಧಭಾಗ ರಕ್ತದಿಂದ ಹೋಗಲು ನಾಲ್ಕೈದು ಗಂಟೆ ಬೇಕು. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆಯಂಥ ಮಂಪರು. ಮಲಗಿದವರಿಗೆ ಈ ಲಕ್ಷಣಗಳೂ ತಿಳಿಯುವುದಿಲ್ಲ.

ಇಲ್ಲಿ ನಾವು ಗಮನಿಸದೆ ಹೋದ ಬದಲಾವಣೆಯೊಂದಿದೆ. ಹಳೆಯ ಹೆಂಚಿನ ಮನೆಯಲ್ಲಿ ಗಾಳಿ ಸಂದಿಸಂದಿಗಳಿಂದ ಹಾಯುತ್ತಿತ್ತು, ಹಂಡೆಯ ಒಲೆ ಇರುವ ಬಚ್ಚಲು ಎಷ್ಟೋ ಕಡೆ ಮನೆಯ ಹಿಂಬದಿಗೆ ಬೇರೆಯಾಗಿಯೇ ಇತ್ತು. ಈಗ ತಾರಸಿ ಮನೆಗಳು ಬಂದಿವೆ, ಸರಿಯುವ ಗಾಜಿನ ಕಿಟಕಿಗಳು ಬಿಗಿಯಾಗಿ ಕೂರುತ್ತವೆ. ಕೆಂಡ ತುಂಬಿದ ಬಾಣಲೆಯನ್ನು ಮಂಚದ ಬಳಿ ಇಡುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಹಳೆಯ ಮನೆಯಲ್ಲೂ ಪೂರ್ತಿ ಕ್ಷೇಮವಲ್ಲದ ರೂಢಿ ಹೊಸ ಮನೆಯಲ್ಲಿ ಪ್ರಾಣಾಂತಿಕ. ಕಿಟಕಿಯಿಲ್ಲದ ಬಚ್ಚಲಲ್ಲಿ ಹಾಕಿಸಿದ ಗ್ಯಾಸ್ ಗೀಸರ್‌ಗೂ ಇದೇ ಮಾತು ಸಲ್ಲುತ್ತದೆ. ಅದು ಹೊರಗೋಡೆಯಲ್ಲಿರಬೇಕು, ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು.

ಬಾಣಂತಿ ಕೋಣೆಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡವಿಡುವ ಪದ್ಧತಿಯ ಹಿಂದಿನ ಕಾಳಜಿ ನಿಜವಾದದ್ದೇ: ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ಹೆಚ್ಚು, ಶಾಖ ಬೇಗ ಸೋರಿಹೋಗುತ್ತದೆ, ಹುಟ್ಟಿದ ಮಗುವಿಗೆ ನಡುಗಲೂ ಬರುವುದಿಲ್ಲ. ಆದರೆ ಅದಕ್ಕೆ ಕೆಂಡಕ್ಕಿಂತ ಉತ್ತಮವಾದ ಶಾಖ ತಾಯಿಯ ಎದೆಯಲ್ಲೇ ಇದೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ, ವೈದ್ಯರು ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಿಯ ಬರಿ ಎದೆಗೆ ಒತ್ತಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಅದು ಜಗತ್ತಿನಾದ್ಯಂತ ಒಪ್ಪಿತವಾದ ಆರೈಕೆ. ಮಗುವಿನ ತಲೆಗೆ ಟೋಪಿ, ತಾಯಿ-ಮಗು ಇಬ್ಬರ ಮೇಲೂ ಒಂದು ಹೊದಿಕೆ ಇದ್ದರೆ ಸಾಕು. ಮಗುವಿನ ಮುಖ ಮಾತ್ರ ಸದಾ ತೆರೆದಿರಬೇಕು.

ದೊಡ್ಡವರ ವಿಷಯದಲ್ಲೂ ಕೋಣೆಯನ್ನು ಕಾಯಿಸುವುದಕ್ಕಿಂತ ಮನುಷ್ಯನನ್ನು ಬೆಚ್ಚಗಿಡುವುದು ಸುಲಭ, ಅಗ್ಗ. ನಿಂತ ಗಾಳಿಯಷ್ಟು ಒಳ್ಳೆಯ ಶಾಖರೋಧಕ ನಮ್ಮ ಕೈಗೆಟಕುವ ವಸ್ತುಗಳಲ್ಲಿ ಕಡಿಮೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಕೌದಿ ಕೆಲಸ ಮಾಡುವುದು ಇದೇ ತತ್ವದಿಂದ. ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಿ ಚಳಿಯನ್ನು ತಡೆಯುತ್ತದೆ. ಹೊದೆಯುವ ಕೌದಿಯಷ್ಟೇ ಹಾಸುವ ಕೌದಿಯೂ ಮುಖ್ಯ, ಏಕೆಂದರೆ ಸಿಮೆಂಟು ನೆಲದ ಮೇಲೆ ಬರಿ ಚಾಪೆ ಹಾಸಿ ಮಲಗಿದವರ ಶಾಖವನ್ನು ನೆಲ ರಾತ್ರಿಯಿಡೀ ಹೀರುತ್ತದೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ ಇಬ್ಬನಿಗೆ ನೆನೆದ, ಮೂತ್ರದಿಂದ ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಬೇಕು. ಕಿಟಕಿಗಳನ್ನು ಮಧ್ಯಾಹ್ನದ ಬಿಸಿಲಿಗೆ ತೆರೆದು, ಸೂರ್ಯ ಮುಳುಗುವ ಮುನ್ನ ಮುಚ್ಚಿದರೆ ಚಿರೆಕಲ್ಲಿನ ಗೋಡೆ ಹಗಲಿನ ಶಾಖವನ್ನು ಕೆಲವು ಗಂಟೆ ಉಳಿಸಿಕೊಡುತ್ತದೆ.

ಒಂದು ಲೋಟ ಬಿಸಿ ಕಷಾಯ ದೇಹವನ್ನು ಎಷ್ಟು ಕಾಯಿಸುತ್ತದೆ? 60 ಡಿಗ್ರಿಯ 200 ಮಿಲಿಲೀಟರ್ ಕಷಾಯ ದೇಹದ 37 ಡಿಗ್ರಿಗೆ ಇಳಿಯುವಾಗ ಕೊಡುವ ಶಾಖ ಸುಮಾರು 4.6 ಕಿಲೊಕ್ಯಾಲರಿ; 50 ಕಿಲೊ ತೂಕದವರ ಮೈ ಅದರಿಂದ ಏರುವುದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು. ಆದರೂ ಕುಡಿಸಬೇಕು. ಅದರ ಹಾಲು ಮತ್ತು ಬೆಲ್ಲ ದೇಹಕ್ಕೆ ಸುಡಲು ಇಂಧನ ಕೊಡುತ್ತವೆ, ಬಾಯಾರಿಕೆಯೇ ಕಾಣದ ಈ ಕಾಲದಲ್ಲಿ ನೀರಿನಂಶವೂ ಸೇರುತ್ತದೆ. ಮದ್ಯ ಇದಕ್ಕೆ ವಿರುದ್ಧ: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ, ಒಳಗಿನ ಶಾಖವನ್ನು ಹೊರಕ್ಕೆ ಬಿಡುತ್ತದೆ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿಯೇ ಕೊಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಚರ್ಮ ಸುಟ್ಟದ್ದು ಮರುದಿನವೇ ತಿಳಿಯುತ್ತದೆ. ಅಂಥವರಿಗೆ ಉಣ್ಣೆಯ ಕಾಲುಚೀಲವೇ ಕ್ಷೇಮ.

ಶಿರಸಿ, ಸಿದ್ದಾಪುರದ ಎಷ್ಟೋ ಮನೆಗಳಲ್ಲಿ ಈಗ ಇರುವವರು ವಯಸ್ಸಾದ ಗಂಡ-ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಮನೆಗಳೂ ಒಂದಕ್ಕೊಂದು ದೂರ. ಹಾಲು ಒಯ್ಯಲು ಬರುವವರು, ತೋಟದ ಕೆಲಸಕ್ಕೆ ಬರುವವರು ಬೆಳಿಗ್ಗೆ ಒಮ್ಮೆ ಮಾತಾಡಿಸಿ ಹೋಗುವುದು ದೊಡ್ಡ ಉಪಕಾರ, ಏಕೆಂದರೆ ದೇಹ ಅಪಾಯಕರವಾಗಿ ತಣಿದ ಲಕ್ಷಣಗಳನ್ನು ಹೊರಗಿನವರೇ ಮೊದಲು ಕಾಣುತ್ತಾರೆ: ಮಾತು ತೊದಲುವುದು, ಗೊಂದಲ, ಮಂಪರು, ತೂರಾಡುವ ನಡಿಗೆ, ಬಟ್ಟೆಯೊಳಗೆ ಕೈಯಿಟ್ಟು ಮುಟ್ಟಿದರೆ ಹೊಟ್ಟೆಯೂ ತಣ್ಣಗಿರುವುದು. ನಡುಕ ನಿಂತಿತೆಂದು ಸಮಾಧಾನಪಡಬಾರದು, ಅದು ಕೆಡುತ್ತಿರುವ ಗುರುತಾಗಿರಬಹುದು. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಹಳೆಯ ಪಾದರಸದ ಜ್ವರಮಾಪಕದ ಅಳತೆ 35ರಿಂದಲೇ ಶುರುವಾಗುವುದರಿಂದ ಅದು ಇಲ್ಲಿ ಉಪಯೋಗಕ್ಕೆ ಬಾರದು. 108ಕ್ಕೆ ಕರೆಮಾಡಿ, ಒದ್ದೆ ಬಟ್ಟೆ ತೆಗೆದು, ತಲೆಯಿಂದ ಕಾಲಿನವರೆಗೆ ಒಣ ಹೊದಿಕೆ ಸುತ್ತಿ, ಮಲಗಿಸಿಯೇ ಇಡಬೇಕು. ಪೂರ್ತಿ ಎಚ್ಚರವಿದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕುವುದು, ಬಿಸಿನೀರು ಸುರಿಯುವುದು, ಎಬ್ಬಿಸಿ ನಡೆಸುವುದು ಬೇಡ. ಕೈಕಾಲುಗಳ ತಣ್ಣನೆಯ ರಕ್ತ ಒಮ್ಮೆಲೇ ಹೃದಯಕ್ಕೆ ಮರಳಿದರೆ ಅದರ ಬಡಿತದ ಲಯವೇ ತಪ್ಪಬಹುದು.